ಡಾಕ್ಟರ್ ಆಗಲ್ಲ ಅಂತ ಅಪ್ಪನಿಗೆ ಹೇಗೆ ಹೇಳಲಿ?

ಪ್ರಶ್ನೆ: ನಾನು ದಾವಣಗೆರೆಯವಳು, ವಯಸ್ಸು 20. ಸ್ಕಾಲರ್‌ಶಿಪ್ ಸಿಕ್ಕಿ ಅಮೆರಿಕದ ಒಹಾಯೊದಲ್ಲಿ ವಿಜ್ಞಾನ, ಕಲೆ ಎಲ್ಲ ಬೆರೆಸಿ ಕಲಿಸುವ ಒಂದು ಸಣ್ಣ ಲಿಬರಲ್ ಆರ್ಟ್ಸ್ ಕಾಲೇಜಿನಲ್ಲಿ ಎರಡನೇ ವರ್ಷ ಓದುತ್ತಿದ್ದೇನೆ. ಮುಂದೆ ಮೆಡಿಸಿನ್ ಅಂತ ಹೇಳಿ ಬಂದವಳು. ಆರ್ಗ್ಯಾನಿಕ್ ಕೆಮಿಸ್ಟ್ರಿ ತಲೆಗೆ ಹತ್ತಲಿಲ್ಲ, ಸೈಕಾಲಜಿ ತೆಗೆದುಕೊಂಡೆ. ಈಗ ಆಕ್ಯುಪೇಷನಲ್ ಥೆರಪಿಸ್ಟ್ ಆಗುವ ಆಸೆ, ಅಂದರೆ ಕಾಯಿಲೆ, ಪೆಟ್ಟಿನಿಂದ ಕೈಲಾಗದವರಿಗೆ ಊಟ, ಸ್ನಾನ, ಬಟ್ಟೆಯಂಥ ದಿನದ ಕೆಲಸಗಳನ್ನು ಮತ್ತೆ ಕಲಿಸುವವರು. ಶನಿವಾರ ಇಲ್ಲಿನ ವೃದ್ಧಾಶ್ರಮಕ್ಕೆ ಹೋಗುತ್ತೇನೆ. ಸ್ಟ್ರೋಕ್ ಆದ ತಾತನೊಬ್ಬರಿಗೆ ಥೆರಪಿಸ್ಟ್ ಶರ್ಟ್ ಹಾಕಿಕೊಳ್ಳುವುದನ್ನು ಕಲಿಸುತ್ತಿದ್ದರು. ಮೂರನೇ ವಾರ ತಾತ ಒಬ್ಬರೇ ಹಾಕಿಕೊಂಡರು. ಅಪ್ಪನಿಗೆ ಮೆಡಿಕಲ್ ಶಾಪ್ ಇದೆ. ಬಂದ ಗಿರಾಕಿಗೆಲ್ಲ ‘ಮಗಳು ಡಾಕ್ಟರ್ ಓದ್ತಿದ್ದಾಳೆ’ ಅನ್ನುತ್ತಾರೆ. ಒಂದು ವರ್ಷದಿಂದ ಸುಳ್ಳು ಹೇಳುತ್ತಿದ್ದೇನೆ. ಬಿಟ್ಟು ಬಂದು ಇಂಡಿಯಾದಲ್ಲೇ ಈ ಕೋರ್ಸ್ ಮಾಡಲೇ?

ಉತ್ತರ: ನನ್ನ ಮಗಳಿಗಿಂತ ಚಿಕ್ಕವಳು, ‘ನೀನು’ ಅಂತಲೇ ಬರೆಯುತ್ತೇನೆ.

ನಿನ್ನ ಪತ್ರದಲ್ಲಿ ಅಳು ಜಾಸ್ತಿ ಇತ್ತು, ಇಲ್ಲಿ ಕತ್ತರಿಸಿ ಹಾಕಿದ್ದೇನೆ. ತಾತನ ಶರ್ಟಿನ ಸಾಲುಗಳನ್ನು ಮಾತ್ರ ಮುಟ್ಟಿಲ್ಲ. ಕೆಮಿಸ್ಟ್ರಿಗೆ ಹೆದರಿ ಓಡುತ್ತಿದ್ದೀಯಾ ಅನ್ನುವ ಅನುಮಾನ ನನಗೂ ಇತ್ತು. ಆ ಸಾಲು ಓದಿದ ಮೇಲೆ ಹೋಯಿತು. ಸುಮ್ನೆ ಓಡುವವರು ಮೂರು ವಾರ ಒಂದು ಶರ್ಟನ್ನು ನೋಡುತ್ತಾ ಕೂರುವುದಿಲ್ಲ.

ಈಗ ಲೆಕ್ಕ. ನಿನ್ನ ಕಾಲೇಜಿನ ಡಿಗ್ರಿಯೊಂದರಿಂದಲೇ ನೀನು ಥೆರಪಿಸ್ಟ್ ಆಗುವುದಿಲ್ಲ. ಅಮೆರಿಕದಲ್ಲಿ ಈ ಕೆಲಸಕ್ಕೆ ಮಾಸ್ಟರ್ಸ್ ಅಥವಾ ಡಾಕ್ಟರೇಟ್ ಬೇಕು. ಅಂದರೆ ಡಿಗ್ರಿ ಮುಗಿಸಿ ಇನ್ನೂ ಎರಡು ಮೂರು ವರ್ಷ. ಅದರಲ್ಲಿ 24 ವಾರ ಆಸ್ಪತ್ರೆ, ಶಾಲೆಗಳಂಥ ಕಡೆ ಪೂರ್ತಿ ಹೊತ್ತಿನ ತರಬೇತಿ, ಸಾಮಾನ್ಯವಾಗಿ ಸಂಬಳ ಇಲ್ಲದೆ. ಆಮೇಲೆ ರಾಷ್ಟ್ರಮಟ್ಟದ ಪರೀಕ್ಷೆ, ರಾಜ್ಯದ ಲೈಸೆನ್ಸ್.

ಹಾಗಂತ ಡಿಗ್ರಿಯ ಈ ನಾಲ್ಕು ವರ್ಷ ದಂಡ ಅಲ್ಲ. ಮಾಸ್ಟರ್ಸ್ ಸೀಟಿಗೆ ಅವರು ಕೇಳುವುದು ಹೆಚ್ಚಾಗಿ ಅನಾಟಮಿ, ಫಿಸಿಯಾಲಜಿ, ಸ್ಟ್ಯಾಟಿಸ್ಟಿಕ್ಸ್, ಮಕ್ಕಳಿಂದ ಮುದುಕರವರೆಗಿನ ಮನಸ್ಸಿನ ಬೆಳವಣಿಗೆ, ಮಾನಸಿಕ ಕಾಯಿಲೆಗಳ ಸೈಕಾಲಜಿ, ಜೊತೆಗೆ ಸೋಷಿಯಾಲಜಿ ಅಥವಾ ಆಂಥ್ರೊಪಾಲಜಿ. ಅರ್ಧಕ್ಕರ್ಧ ನೀನು ಈಗಾಗಲೇ ಓದುತ್ತಿರುವುದೇ, ಅಲ್ವಾ? ಸಣ್ಣ ಕಾಲೇಜುಗಳಲ್ಲಿ ಅನಾಟಮಿ ಇಲ್ಲದೆಯೂ ಇರಬಹುದು. ಹಾಗಿದ್ದರೆ ಬೇಸಿಗೆಯಲ್ಲಿ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ (ಸ್ಥಳೀಯರಿಗಾಗಿ ಇರುವ ಎರಡು ವರ್ಷದ ಕಾಲೇಜು) ಮುಗಿಸಿಬಿಡು, ಆದರೆ ಮಾಸ್ಟರ್ಸ್ ಕಾಲೇಜು ಅದನ್ನು ಒಪ್ಪುತ್ತದಾ ಅಂತ ಮೊದಲೇ ಕೇಳಿಕೋ. ಕೆಲವು ಲಿಬರಲ್ ಆರ್ಟ್ಸ್ ಕಾಲೇಜುಗಳಿಗೆ ಮಾಸ್ಟರ್ಸ್ ಕಾಲೇಜಿನ ಜೊತೆ ಒಪ್ಪಂದ ಇರುತ್ತದೆ, ಮೂರು ವರ್ಷ ಇಲ್ಲಿ, ಮಿಕ್ಕಿದ್ದು ಅಲ್ಲಿ. ನಿನ್ನ ಅಡ್ವೈಸರ್ ಹತ್ತಿರ ಈ ವಾರವೇ ವಿಚಾರಿಸು. ಶನಿವಾರದ ಗಂಟೆಗಳನ್ನು ತಾರೀಕಿನ ಸಮೇತ ಬರೆದಿಟ್ಟು ಅಲ್ಲಿನ ಥೆರಪಿಸ್ಟ್ ಸಹಿ ಹಾಕಿಸಿಕೋ, ಅರ್ಜಿ ಹಾಕುವಾಗ ಕೇಳುವವರಿದ್ದಾರೆ.

ವಾಪಸ್ ಬರುವ ಮಾತು. ಮಣಿಪಾಲದಲ್ಲಿ ಈ ಕೋರ್ಸ್ ಇದೆ, ಪಿಯುಸಿ ಮುಗಿಸಿ ಸೇರುವಂಥದ್ದು. ಇಲ್ಲೇ ಕೆಲಸ ಮಾಡುವ ಮನಸ್ಸಿದ್ದರೆ ಅದು ಸಲೀಸು ದಾರಿ. ಆದರೆ ಮೊದಲನೇ ವರ್ಷದಿಂದ ಶುರು ಮಾಡಬೇಕಾದೀತು. ಅಲ್ಲೇ ಇರುವವಳಾದರೆ ಮಾಸ್ಟರ್ಸ್ ಗೋಡೆ ಹೇಗೂ ಹತ್ತಲೇಬೇಕು. ನನ್ನ ಕೇಳಿದರೆ, ಇರುವ ಡಿಗ್ರಿ ಮುಗಿಸು.

ಇನ್ನು ಅಪ್ಪ. ಫೋನಿನಲ್ಲಿ ಆಕ್ಯುಪೇಷನಲ್ ಥೆರಪಿಯನ್ನು ಚಿಕ್ಕದಾಗಿ ‘ಓಟಿ’ ಅನ್ನಬೇಡ, ಆಪರೇಷನ್ ಥಿಯೇಟರ್ ಅಂದುಕೊಂಡು ಇನ್ನೂ ಖುಷಿಪಟ್ಟಾರು. ‘ಫಿಸಿಯೋ ತರಹ’ ಅಂತಲೂ ಅನ್ನಬೇಡ. ಭಾನುವಾರ ಬೆಳಿಗ್ಗೆ, ನಿನಗೆ ಶನಿವಾರ ರಾತ್ರಿ, ವಿಡಿಯೋ ಕಾಲ್ ಮಾಡು. ಅಮ್ಮನೂ ಪಕ್ಕದಲ್ಲಿರಲಿ. ಬಲಗೈ ತೊಡೆಯ ಮೇಲಿಟ್ಟು ಎಡಗೈಯಲ್ಲೇ ಶರ್ಟ್ ಹಾಕಿಕೊಳ್ಳಲು ಅಪ್ಪನಿಗೆ ಹೇಳು. ಒಳ್ಳೆ ಕೈ ಮೊದಲು ತೂರಿಸಿ ಸಿಕ್ಕಿಹಾಕಿಕೊಳ್ಳುತ್ತಾರೆ, ಎಲ್ಲರೂ ಹಾಗೇ. ಆಗ ತಾತನಿಗೆ ಕಲಿಸಿದ್ದನ್ನು ಹೇಳು: ಬಲವಿಲ್ಲದ ಕೈ ಮೊದಲು, ಬಿಚ್ಚುವಾಗ ಕೊನೆಗೆ. ಅಂಗಡಿಗೆ ವಾಕರ್ ಕೊಳ್ಳಲು ಬರುವವರ ಮುಖ ಅವರಿಗೆ ತಾನಾಗೇ ನೆನಪಾಗುತ್ತದೆ. ಇದೆಂಥ ಹೊಸ ಕೋರ್ಸ್ ಅಂದರೆ ಕಮಲಾ ನಿಂಬ್ಕರ್ ವಿಷಯ ಹೇಳು. ಅಮೆರಿಕದಲ್ಲಿ ಹುಟ್ಟಿ ನಮ್ಮ ದೇಶದ ಸೊಸೆಯಾಗಿ ಬಂದ ಆಕೆ 1950ರಲ್ಲೇ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಇದರ ಶಾಲೆ ತೆರೆದರು.

ಸುಳ್ಳು ಹೇಳಿದ್ದನ್ನು ಅದೇ ದಿನ ಒಪ್ಪಿಕೋ, ಸಮಜಾಯಿಷಿ ಬೇಡ. ಬೈಯುತ್ತಾರೆ, ಬೈಯಲಿ. ಎರಡು ಮೂರು ದಿನ ಫೋನ್ ಎತ್ತದೆಯೂ ಇರಬಹುದು. ಅಷ್ಟರಲ್ಲಿ ಮಾಸ್ಟರ್ಸ್ ಫೀಸು, ಸಾಲ, ಬಡ್ಡಿ ಎಲ್ಲ ಒಂದು ಹಾಳೆಯಲ್ಲಿ ಬರೆದಿಟ್ಟುಕೋ. ಅಂಗಡಿ ನಡೆಸುವವರು, ಸಿಟ್ಟು ಇಳಿದ ಮೇಲೆ ಮೊದಲು ಕೇಳುವುದು ಅದನ್ನೇ.