ಮೊಬೈಲಿನಲ್ಲಿ ತೆರೆಯುತ್ತದೆ, ಆಫೀಸಿನಲ್ಲಿ ಇಲ್ಲ

ಪ್ರಶ್ನೆ: ನಮ್ಮದು ಸಹಕಾರಿ ಸಂಘ. ಆಫೀಸಿನಲ್ಲಿ 22 ಕಂಪ್ಯೂಟರ್, ಒಂದು ವಿಂಡೋಸ್ ಸರ್ವರ್ ಇವೆ. ಹೋದ ತಿಂಗಳು ಸಂಘದ ವೆಬ್‌ಸೈಟ್ ಮಾಡಿಸಿ ಹೊರಗಿನ ಹೋಸ್ಟಿಂಗ್‌ನಲ್ಲಿ ಇಟ್ಟೆವು. ಸದಸ್ಯರ ಮೊಬೈಲಿನಲ್ಲಿ ಚೆನ್ನಾಗಿ ತೆರೆಯುತ್ತದೆ. ಆಫೀಸಿನ ಯಾವ ಕಂಪ್ಯೂಟರಿನಲ್ಲೂ ತೆರೆಯುವುದಿಲ್ಲ. ಸರ್ವರಿನ ಡೊಮೇನ್‌ಗೂ, ಅಂದರೆ ಆಫೀಸಿನ ಕಂಪ್ಯೂಟರುಗಳ ಜಾಲಕ್ಕೂ, ವೆಬ್‌ಸೈಟಿಗೂ ಒಂದೇ ಹೆಸರು. ಏನು ಮಾಡಲಿ?
— ಓದುಗರೊಬ್ಬರು, ಶಿರಸಿ

ಉತ್ತರ: ತೊಂದರೆಯ ಬೇರು ನಿಮ್ಮ ಕೊನೆಯ ಮಾತಿನಲ್ಲೇ ಇದೆ. ಎರಡಕ್ಕೂ ಒಂದೇ ಹೆಸರು, ಅಲ್ವಾ? ಹಾಗಾಗಿ ಆ ಹೆಸರಿನ ಪೂರ್ತಿ ಲೆಕ್ಕ ತನ್ನ ಹತ್ತಿರವೇ ಇದೆ ಎಂದು ನಿಮ್ಮ ಸರ್ವರಿನ ಡಿಎನ್‌ಎಸ್ (ಹೆಸರು ಕೇಳಿ ಅದರ ಐಪಿ, ಅಂದರೆ ಅಂಕಿಗಳ ವಿಳಾಸ, ಹೇಳುವ ವ್ಯವಸ್ಥೆ) ನಂಬಿದೆ. ಹಳೇ ಕಾಲದ ಶಾನುಭೋಗರ ಹಾಗೆ. ಅವರ ಪುಸ್ತಕದಲ್ಲಿ ಇಲ್ಲ ಅಂದರೆ ಊರಲ್ಲೇ ಇಲ್ಲ. ಬೇರೆ ವೆಬ್‌ಸೈಟುಗಳ ವಿಳಾಸ ಬೇಕಾದರೆ ಅದು ಹೊರಗೆ ಕೇಳುತ್ತದೆ. ಈ ಒಂದು ಹೆಸರಿಗೆ ಮಾತ್ರ ಕೇಳುವುದೇ ಇಲ್ಲ.

ಖಾತ್ರಿ ಮಾಡಿಕೊಳ್ಳಿ. ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಎನ್‌ಎಸ್‌ಲುಕಪ್’ ಎಂದು ಬರೆದು, ಮುಂದೆ ಡಬ್ಲ್ಯು ಡಬ್ಲ್ಯು ಡಬ್ಲ್ಯು ಸಮೇತ ವೆಬ್‌ಸೈಟಿನ ಹೆಸರು ಕೊಡಿ. ‘ನಾನ್-ಎಕ್ಸಿಸ್ಟೆಂಟ್ ಡೊಮೇನ್’ ಎಂದು ಬರುತ್ತದೆ. ಅದೇ ಸಾಲಿನ ಕೊನೆಗೆ 8.8.8.8 (ಇದು ಗೂಗಲ್‌ನ ಡಿಎನ್‌ಎಸ್) ಸೇರಿಸಿ ಮತ್ತೆ ಕೇಳಿ. ಈ ಸಲ ಐಪಿ ವಿಳಾಸ ಸಿಗುತ್ತದೆ. ಬರೆದಿಟ್ಟುಕೊಳ್ಳಿ.

ಈಗ ಸರ್ವರಿನಲ್ಲಿ ಡಿಎನ್‌ಎಸ್ ಮ್ಯಾನೇಜರ್ ತೆರೆದು, ನಿಮ್ಮ ಡೊಮೇನಿನ ಜೋನ್ (ಆ ಹೆಸರಿನ ವಿಳಾಸಗಳ ಪಟ್ಟಿ) ಮೇಲೆ ರೈಟ್ ಕ್ಲಿಕ್ ಮಾಡಿ, ‘ನ್ಯೂ ಹೋಸ್ಟ್’ ಆರಿಸಿ. ಹೆಸರಿನ ಜಾಗದಲ್ಲಿ ಡಬ್ಲ್ಯು ಡಬ್ಲ್ಯು ಡಬ್ಲ್ಯು ಮಾತ್ರ ಬರೆಯಿರಿ, ಕೆಳಗೆ ಆ ಐಪಿ ಕೊಡಿ. ನಂತರ ಒಂದೊಂದು ಕಂಪ್ಯೂಟರಿನಲ್ಲೂ ‘ಐಪಿಕಾನ್ಫಿಗ್ /ಫ್ಲಶ್‌ಡಿಎನ್‌ಎಸ್’ ಓಡಿಸಿ. ಇಲ್ಲದಿದ್ದರೆ ಹಳೇ ಉತ್ತರ ಸ್ವಲ್ಪ ಹೊತ್ತು ಹಾಗೇ ಉಳಿದಿರುತ್ತದೆ.

ಒಂದು ಮಾತು ಕೈಮುಗಿದು ಹೇಳುತ್ತೇನೆ. ಸುಲಭ ಅಂತ ಕಂಪ್ಯೂಟರುಗಳಲ್ಲಿ ಡಿಎನ್‌ಎಸ್ ಅನ್ನೇ 8.8.8.8 ಮಾಡಬೇಡಿ. ಯಾರಾದರೂ ಖಂಡಿತ ಈ ಸಲಹೆ ಕೊಡುತ್ತಾರೆ. ವೆಬ್‌ಸೈಟೇನೋ ತೆರೆಯುತ್ತದೆ. ಆದರೆ ನಿಮ್ಮ ಸರ್ವರ್ ಎಲ್ಲಿದೆ ಅಂತ ಗೂಗಲ್‌ಗೆ ಗೊತ್ತಿಲ್ಲವಲ್ಲ. ಲಾಗಿನ್ ತಡವಾಗುತ್ತದೆ, ಶೇರ್ ಮಾಡಿದ ಫೋಲ್ಡರ್ ಸಿಗುವುದಿಲ್ಲ. ಎರಡನೇ ಡಿಎನ್‌ಎಸ್ ಆಗಿ ಕೊಟ್ಟರೂ ಇದೇ ಪಾಡು, ಒಮ್ಮೆ ಸರಿ, ಒಮ್ಮೆ ಇಲ್ಲ.

ಡಬ್ಲ್ಯು ಡಬ್ಲ್ಯು ಡಬ್ಲ್ಯು ಇಲ್ಲದ ಬರೀ ಹೆಸರು ಮಾತ್ರ ಆಫೀಸಿನೊಳಗೆ ಸರ್ವರಿಗೇ ಹೋಗುತ್ತದೆ. ಆ ರೆಕಾರ್ಡ್ ಮುಟ್ಟಬೇಡಿ. ಅದನ್ನು ಸರ್ವರ್ ತಾನೇ ಬರೆದುಕೊಳ್ಳುತ್ತದೆ. ಅಳಿಸಿದರೂ ಮತ್ತೆ ಬರುತ್ತದೆ. ಪೂರ್ತಿ ಹೆಸರು ಟೈಪ್ ಮಾಡಲು ಸಿಬ್ಬಂದಿಗೆ ಹೇಳಿ, ಇಲ್ಲವೇ ಡೆಸ್ಕ್‌ಟಾಪ್ ಮೇಲೆ ಶಾರ್ಟ್‌ಕಟ್ ಇಟ್ಟುಕೊಡಿ.

ನಾನು ನೋಡಿಕೊಳ್ಳುತ್ತಿದ್ದ ಒಂದು ಕಾಲೇಜಿನಲ್ಲಿ ಹೀಗೇ ಐಪಿ ಬರೆದಿದ್ದೆ. ಹೋಸ್ಟಿಂಗ್‌ನವರು ಸರ್ವರ್ ಬದಲಿಸಿದರು, ಐಪಿಯೂ ಬದಲಾಯಿತು. ಫಲಿತಾಂಶದ ದಿನ ಊರಿಗೆಲ್ಲ ಸೈಟ್ ಕಾಣುತ್ತಿತ್ತು, ಕಾಲೇಜಿನ ಆಫೀಸಿಗೆ ಮಾತ್ರ ಇಲ್ಲ. ಪ್ರಿನ್ಸಿಪಾಲರು ತಮ್ಮ ಮೊಬೈಲಿನಲ್ಲಿ ನೋಡಿ ಅಂಕಗಳನ್ನು ಗಟ್ಟಿಯಾಗಿ ಓದುತ್ತಿದ್ದರು, ಗುಮಾಸ್ತರು ಬರೆದುಕೊಳ್ಳುತ್ತಿದ್ದರು. ಆಮೇಲಿಂದ ನಾನು ಮೊದಲು ಹೋಸ್ಟಿಂಗ್‌ನವರಿಗೆ ಒಂದು ಫೋನ್ ಮಾಡುತ್ತೇನೆ: ‘ಐಪಿ ಬದಲು ಬಳಸಲು ನಿಮ್ಮ ಕಡೆಯ ಒಂದು ಹೆಸರು ಇದೆಯಾ?’ ಇದ್ದರೆ ‘ನ್ಯೂ ಹೋಸ್ಟ್’ ಬದಲು ‘ನ್ಯೂ ಏಲಿಯಾಸ್’ ಆರಿಸಿ ಆ ಹೆಸರು ಕೊಡಿ. ಅವರು ಐಪಿ ಬದಲಿಸಿದಾಗ ನೀವು ಏನೂ ತಿದ್ದಬೇಕಾಗಿಲ್ಲ.