5 ಮಿಲಿಮೀಟರ್ ಜಾಸ್ತಿ ಇದೆ, ಕತ್ತರಿಸಲಾ?

ಪ್ರಶ್ನೆ: ಸರ್, ತಾತ ತೀರಿಕೊಂಡ ಮೇಲೆ ಅವರ ಜೋಡುನಳಿಗೆ ಕೋವಿ ನನ್ನ ಪಾಲಿಗೆ ಬಂದಿದೆ. ಹನ್ನೆರಡು ಬೋರ್ (ನಳಿಗೆಯ ಅಗಲದ ಅಳತೆ), ಇಂಗ್ಲೆಂಡಿನದು, ಕುದುರೆ (ಈಡು ಸಿಡಿಸುವ ಸುತ್ತಿಗೆ) ಎರಡೂ ಹೊರಗೇ ಇವೆ. ನಳಿಗೆಯ ಅಡಿಯಲ್ಲಿ 2½ ಅಂತ ಒತ್ತಿದ ಗುರುತಿದೆ. ಅಂಗಡಿಯಲ್ಲಿ 70 ಮಿ.ಮೀ. ತೋಟೆ ಮಾತ್ರ ಸಿಕ್ಕಿತು. ಕೋವಿಯೊಳಗೆ ಸಲೀಸಾಗಿ ಕೂರುತ್ತದೆ. ಆದರೆ ನೆಂಟರೊಬ್ಬರು, ‘ಹಾಗೇ ಹೊಡೀಬೇಡ, ಬಾಯಿಯ ಕಡೆ 5 ಮಿ.ಮೀ. ಬ್ಲೇಡಲ್ಲಿ ಕತ್ತರಿಸಿ ಅಂಟು ಹಾಕಿ ಮುಚ್ಚು’ ಅಂದರು. ಕೈಲ್ ಪೊಳ್ದ್ (ನಮ್ಮ ಕೊಡಗಿನ ಆಯುಧಪೂಜೆ ಹಬ್ಬ) ಹತ್ತಿರ ಬಂತು. ಮನೆಯಲ್ಲೇ ಮಾಡಬಹುದಾ?
– ನಾಪೋಕ್ಲು ಕಡೆಯ ಓದುಗ

ಉತ್ತರ: ಬೇಡ. ಕತ್ತರಿಸುವುದೂ ಬೇಡ, ಕತ್ತರಿಸದೆ ಹೊಡೆಯುವುದೂ ಬೇಡ. ಆ ಡಬ್ಬಿಯನ್ನು ಇವತ್ತೇ ಕೋವಿಯಿಂದ ದೂರ, ಬೇರೆ ಕಪಾಟಿನಲ್ಲಿ ಬೀಗ ಹಾಕಿ ಇಡಿ. ಆಮೇಲೆ ಮುಂದೆ ಓದಿ.

ಸಲೀಸಾಗಿ ಕೂರುತ್ತದೆ ಅಂದಿರಲ್ಲ, ಮೋಸ ಆಗುವುದು ಅಲ್ಲೇ. ಡಬ್ಬಿಯ ಮೇಲೆ ಬರೆದ 70 ಅನ್ನುವುದು ಹೊಡೆದ ಮೇಲಿನ ಉದ್ದ. ಹೊಡೆಯುವ ಮುಂಚೆ ತೋಟೆಯ ಬಾಯಿ ಮೊಗ್ಗಿನ ಹಾಗೆ ಒಳಗೆ ಮಡಚಿಕೊಂಡಿರುತ್ತದೆ. ಆಗ ಅಳೆದರೆ 60ರ ಆಸುಪಾಸು ಬರುತ್ತದೆ, ಅಷ್ಟೇ. ನಿಮ್ಮ ತಾತನ ಕೋವಿಯ ಚೇಂಬರ್ (ತೋಟೆ ಕೂರುವ ಗೂಡು) ಎರಡೂವರೆ ಇಂಚು, ಅಂದರೆ ಸುಮಾರು 65 ಮಿ.ಮೀ. ಹಾಗಾಗಿ 70ರ ತೋಟೆ ಯಾವ ತಕರಾರೂ ಇಲ್ಲದೆ ಒಳಗೆ ಹೋಗುತ್ತದೆ, ಕೋವಿ ಟಕ್ ಅಂತ ಮುಚ್ಚುತ್ತದೆ.

ಈಡು ಹೊಡೆದ ಕ್ಷಣ ಮಡಿಕೆ ಬಿಚ್ಚಿಕೊಳ್ಳುತ್ತದೆ. ಬಿಚ್ಚಿಕೊಳ್ಳಲು ಜಾಗ ಇಲ್ಲ. ಚೇಂಬರ್ ಮುಗಿದು ನಳಿಗೆ ಕಿರಿದಾಗುವ ಕಡೆಗೆ ಆ ಬಾಯಿಯ ಅಂಚು ಹೋಗಿ ಒತ್ತಿಕೊಳ್ಳುತ್ತದೆ. ಹಿಂದಿನಿಂದ ವ್ಯಾಡ್ (ಮದ್ದಿಗೂ ಚರೆಗೂ ನಡುವಿನ ಬಿರಡೆ), ಚರೆ ಎಲ್ಲ ನುಗ್ಗಿ ಬರುತ್ತಿರುತ್ತವೆ, ದಾರಿ ಇಕ್ಕಟ್ಟು. ಒತ್ತಡ ಏರುತ್ತದೆ. ಹೊಗೆ ಇಲ್ಲದ ಮದ್ದಿನ ಗುಣ ಏನು ಅಂದರೆ, ಒತ್ತಡ ಏರಿದಷ್ಟೂ ಅದು ಇನ್ನೂ ಬೇಗ ಉರಿಯುತ್ತದೆ. ಅದರಿಂದ ಒತ್ತಡ ಮತ್ತೂ ಏರುತ್ತದೆ.

ನನ್ನ ಮೇಜಿನ ಮೇಲೆ ಹೊಡೆದ ಎರಡು ಖಾಲಿ ತೋಟೆ ಇಟ್ಟುಕೊಂಡಿದ್ದೇನೆ. ಕೇಳಲು ಬಂದ ಹುಡುಗರಿಗೆ ತೋರಿಸುವುದಕ್ಕೆ ಅಂತಲೇ. ಒಂದು ಸರಿಯಾದ ಚೇಂಬರಿನಲ್ಲಿ ಹೊಡೆದದ್ದು, ಬಾಯಿ ದುಂಡಗೆ, ಮಡಿಕೆಯ ಗೆರೆಗಳು ಕಾಣುತ್ತವೆ. ಇನ್ನೊಂದು ಉದ್ದ ಜಾಸ್ತಿಯಾದದ್ದು. ಅದರ ಅಂಚು ತೆಳ್ಳಗೆ ಎಳೆದ ಹಾಗಾಗಿ, ನಾರು ನಾರಾಗಿ ಹರಿದಿದೆ. ಬೆರಳಲ್ಲಿ ಸವರಿದರೆ ಚುಚ್ಚುತ್ತದೆ. ಆ ಹರಿದ ಚೂರುಗಳು ಚರೆಯ ಜೊತೆ ನಳಿಗೆಯಲ್ಲಿ ಹೋಗಿವೆ ಅಂತ ಅರ್ಥ.

ಹಾಗಾದರೆ ಆ 5 ಮಿ.ಮೀ. ತೆಗೆದುಬಿಟ್ಟರೆ ಸರಿ ಹೋಗುತ್ತದಲ್ವಾ ಅಂತ ನಿಮ್ಮ ನೆಂಟರ ಲೆಕ್ಕ. ಇಲ್ಲ. ನೀವು ಕತ್ತರಿಸುವುದು ಬರೀ ಪ್ಲಾಸ್ಟಿಕ್ಕನ್ನು. ಒಳಗಿನ ಮದ್ದು ಹಾಗೇ ಇರುತ್ತದೆ, ಚರೆ ಹಾಗೇ ಇರುತ್ತದೆ. ಉದ್ದಕ್ಕಿಂತ ದೊಡ್ಡ ವಿಷಯ ಇದು. 70ರ ತೋಟೆಯಲ್ಲಿ ಸಾಮಾನ್ಯವಾಗಿ ಭಾರದ ಲೋಡು ತುಂಬಿರುತ್ತಾರೆ. ಅದನ್ನು ತಡೆಯುವ ಹೊಸ ಕೋವಿಗೆ ಅಂತ ಮಾಡಿದ್ದು ಅದು. ಇನ್ನು ಆ ಬಾಯಿಯ ಮಡಿಕೆ ಸುಮ್ನೆ ಚರೆ ಚೆಲ್ಲದಿರಲಿ ಅಂತ ಇರುವುದಲ್ಲ. ಮದ್ದು ಎಷ್ಟು ಬಿಗಿಯಾಗಿ ಉರಿಯಬೇಕು ಅನ್ನುವುದರಲ್ಲಿ ಅದಕ್ಕೂ ಪಾಲಿದೆ. ಅದನ್ನು ಕತ್ತರಿಸಿ ಅಂಟು ಹಾಕಿದರೆ ಒಂದು ತೋಟೆ ಪುಸ್ ಅನ್ನಬಹುದು, ಇನ್ನೊಂದು ಜೋರಾಗಿ ಒದೆಯಬಹುದು. ಪುಸ್ ಅಂದದ್ದೂ ಅಪಾಯವೇ. ವ್ಯಾಡ್ ನಳಿಗೆಯ ನಡುವೆ ನಿಂತಿದ್ದರೆ, ಎರಡನೇ ಈಡಿಗೆ ನಳಿಗೆ ಉಬ್ಬುತ್ತದೆ ಇಲ್ಲವೇ ಸೀಳುತ್ತದೆ.

ಹೊರದೇಶಗಳಲ್ಲಿ ಹಳೆ ಕೋವಿ ಇಟ್ಟುಕೊಂಡವರು ತೋಟೆ ಗಿಡ್ಡ ಮಾಡುವುದು ಉಂಟು. ಆದರೆ ಅವರು ಕತ್ತರಿಸುವುದು ಖಾಲಿ ತೋಟೆಯನ್ನು. ಆಮೇಲೆ ಆ ಉದ್ದಕ್ಕೆ ಪರೀಕ್ಷೆ ಮಾಡಿದ ಲೋಡನ್ನು ತೂಕ ಹಾಕಿ ತುಂಬುತ್ತಾರೆ. ತುಂಬಿದ ತೋಟೆಗೆ ಬ್ಲೇಡು ಹಾಕುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ನಾನು 24 ವರ್ಷ ಸೈನ್ಯದಲ್ಲಿ ಆಯುಧ ರಿಪೇರಿ ಮಾಡುವ ಆರ್ಮರರ್ ಆಗಿದ್ದವನು. ಆದರೆ ಈ ಪಾಠ ಕಲಿತದ್ದು ಅಲ್ಲಿ ಅಲ್ಲ, ನಮ್ಮ ಕುಟುಂಬದ ಮೂಲಮನೆಯಾದ ಐನ್‌ಮನೆಯ ಅಂಗಳದಲ್ಲಿ. ನನಗಾಗ ಹದಿನಾಲ್ಕು. ಕೈಲ್ ಪೊಳ್ದ್ ದಿನ, ಕೋವಿಗಳಿಗೆಲ್ಲ ತೋಕ್ ಪೂ (ಕೋವಿ ಹೂವು) ಸಿಕ್ಕಿಸಿ ಪೂಜೆ ಆಗಿತ್ತು. ಕಡಂಬುಟ್ಟು, ಪಂದಿ ಕರಿ ಊಟ ಮುಗಿಸಿ ಎಲ್ಲರೂ ತೆಂಗಿನಕಾಯಿಗೆ ಗುರಿ ಇಡಲು ನಿಂತಿದ್ದರು. ದೊಡ್ಡಪ್ಪನ ಕೋವಿ ಹಳೇದು, ನಳಿಗೆಯ ಮೇಲೆ ನೀರಿನ ಅಲೆಯ ಹಾಗೆ ಗೆರೆ ಗೆರೆ. ಪಕ್ಕದವರು ಕೊಟ್ಟ ಉದ್ದ ತೋಟೆ ಹಾಕಿದರು. ಮೊದಲ ಎರಡು ಈಡು ಸರಿಯಾಗೇ ಹೋಯಿತು. ಮೂರನೆಯದರ ಸದ್ದೇ ಬೇರೆ ಇತ್ತು. ಚೇಂಬರಿನ ಸ್ವಲ್ಪ ಮುಂದೆ ಎಡಗಡೆಯ ನಳಿಗೆ ಬಾಳೆದಿಂಡು ಸೀಳಿದ ಹಾಗೆ ಬಾಯಿ ಬಿಟ್ಟಿತ್ತು. ನಳಿಗೆಯನ್ನು ಹಿಡಿದಿದ್ದದ್ದು ಅವರ ಎಡಗೈ. ಎರಡು ಬೆರಳು ಉಳಿಯಲಿಲ್ಲ. ಆಮೇಲೆ ಅವರು ಇಪ್ಪತ್ತು ವರ್ಷ ಬದುಕಿದ್ದರು, ಷರಟಿನ ಗುಂಡಿಯನ್ನು ದೊಡ್ಡಮ್ಮನೇ ಹಾಕಬೇಕಿತ್ತು. ‘ನಾಲ್ಕು ಸಲ ಹೊಡೆದೆ, ಏನೂ ಆಗಲಿಲ್ಲ’ ಅಂತ ಯಾರಾದರೂ ಹೇಳಿದರೆ ನನಗೆ ಆ ಗುಂಡಿಗಳೇ ನೆನಪಾಗುತ್ತವೆ.

ಈಗ ನೀವು ಮಾಡಬೇಕಾದದ್ದು. ಕೋವಿ ಖಾಲಿ ಇದೆ ಅಂತ ಎರಡು ಸಲ ನೋಡಿ, ನಳಿಗೆ ಬಿಚ್ಚಿ, ಅಡಿಯ ಚಪ್ಪಟೆ ಭಾಗವನ್ನು ಬೆಳಕಿಗೆ ಹಿಡಿಯಿರಿ. ಲಂಡನ್ ಅಥವಾ ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸಿನ (ಕೋವಿಯ ಬಲ ಪರೀಕ್ಷಿಸುವ ಕಚೇರಿ) ಮುದ್ರೆಗಳು ಇರುತ್ತವೆ. ‘ನೈಟ್ರೋ ಪ್ರೂಫ್’ ಅಂತ, ಅಂದರೆ ಹೊಗೆ ಇಲ್ಲದ ಮದ್ದಿಗೆ ಪರೀಕ್ಷೆ ಆಗಿದೆ ಅಂತ, ಇದೆಯಾ ನೋಡಿ. ಇಲ್ಲದಿದ್ದರೆ ಅದು ಕಪ್ಪು ಮದ್ದಿನ ಕಾಲದ ಕೋವಿ ಇರಬಹುದು, ಈಗಿನ ಯಾವ ತೋಟೆಯನ್ನೂ ಹಾಕಬೇಡಿ. ಇದ್ದರೂ, ಆ ಮುದ್ರೆ ಬಿದ್ದಾಗ ಕೋವಿ ಹೊಸದಾಗಿತ್ತು. ಈಗ ನಳಿಗೆಯ ಒಳಗೆ ತುಕ್ಕು ತಿಂದಿರಬಹುದು, ಸಂದು ಸಡಿಲ ಆಗಿರಬಹುದು. ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಹತ್ತಿರ ಗೇಜ್ ಹಾಕಿಸಿ. ಚೇಂಬರನ್ನೇ ಕೊರೆದು ಉದ್ದ ಮಾಡಿಕೊಡುತ್ತೇನೆ ಅಂದರೆ ಒಪ್ಪಬೇಡಿ. ಒತ್ತಡ ಜಾಸ್ತಿ ಬೀಳುವ ಜಾಗದಲ್ಲೇ ಲೋಹ ತೆಳ್ಳಗಾಗುತ್ತದೆ. ಕೋವಿ ಗಟ್ಟಿ ಇದೆ ಅಂತ ಗೊತ್ತಾದ ಮೇಲೆ ಡೀಲರಿಗೆ ಹೇಳಿ 65 ಮಿ.ಮೀ. ತೋಟೆ, ಹಗುರ ಲೋಡಿನದು, ತರಿಸಿಕೊಳ್ಳಿ. ತಡವಾದರೆ ಆಗಲಿ. ಈ ಸಲ ಪೂಜೆಗೆ ಇಡಿ, ತೆಂಗಿನಕಾಯಿಗೆ ಬೇರೆಯವರ ಕೋವಿ ಕೇಳಿ.

ಕಾನೂನಿನ ಮಾತೂ ಒಂದಿದೆ. ನಮ್ಮ ಕೊಡವರಿಗೆ, ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಬಂದ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿದೆ. ಅದು ಕೋವಿ ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ. ತೋಟೆ ತಯಾರಿಸುವುದು, ಮಾರ್ಪಡಿಸುವುದು ಬೇರೆ ವಿಷಯ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಅದಕ್ಕೆ ಬೇರೆಯೇ ಲೈಸೆನ್ಸ್ ಬೇಕು. ತಾತನ ಕೋವಿ ನಿಮ್ಮ ಹೆಸರಿಗೆ ಕಾಗದದಲ್ಲೂ ಬಂದಿದೆಯಾ ಅಂತ ಇದೇ ಸಂದರ್ಭದಲ್ಲಿ ನೋಡಿಕೊಳ್ಳಿ.

ಪ್ರಶ್ನೆ: ಅಟ್ಟದ ಮೇಲೆ ಒಂದು ಬಿಸ್ಕತ್ ಡಬ್ಬದಲ್ಲಿ ಕಾಗದದ ತೋಟೆಗಳು ಸಿಕ್ಕಿವೆ. ಮಳೆಗೆ ಊದಿವೆ, ಕೋವಿಯೊಳಗೆ ಹೋಗುತ್ತಿಲ್ಲ. ಒಲೆ ಮೇಲಿನ ಅಟ್ಟದಲ್ಲಿ ಒಣಗಿಸಬಹುದಾ?
– ಮೂರ್ನಾಡು ಕಡೆಯ ಓದುಗರು

ಉತ್ತರ: ಒಲೆಯ ಹತ್ತಿರಕ್ಕೂ ಒಯ್ಯಬೇಡಿ. ಊದಿದ್ದನ್ನು ಹೆರೆದು, ಉಜ್ಜಿ ತುರುಕುವುದೂ ಬೇಡ. ಕಾಗದಕ್ಕೆ ತೇವ ಹೋಗಿದ್ದರೆ ಮದ್ದಿಗೂ ಹೋಗಿರುತ್ತದೆ. ಮೊದಲು ಡೀಲರಿಗೋ ಪೊಲೀಸ್ ಠಾಣೆಗೋ ಫೋನ್ ಮಾಡಿ, ಅವರು ಹೇಳಿದ ಹಾಗೆ ಒಪ್ಪಿಸಿ. ಬಚ್ಚಲು ಗುಂಡಿಗೆ, ಹೊಳೆಗೆ ಎಸೆಯಬೇಡಿ.

ಪ್ರಶ್ನೆ: ಇಪ್ಪತ್ತು ಬೋರಿನ ತೋಟೆ ಚಿಕ್ಕದಲ್ವಾ, ಹನ್ನೆರಡರ ಕೋವಿಯಲ್ಲಿ ಹಾಕಿದರೆ ಏನಾಗುತ್ತದೆ?
– ಪೊನ್ನಂಪೇಟೆ ಕಡೆಯ ವಿದ್ಯಾರ್ಥಿ

ಉತ್ತರ: ಹೌದು, ಬೋರಿನ ಅಂಕಿ ದೊಡ್ಡದಾದಷ್ಟೂ ತೋಟೆ ಸಣ್ಣ. ಹಾಗಾಗಿ ಚೇಂಬರ್ ದಾಟಿ ಮುಂದೆ ಜಾರಿ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದವರಿಗೆ ಚೇಂಬರ್ ಖಾಲಿ ಅನ್ನಿಸುತ್ತದೆ. ಅದರ ಹಿಂದೆ ಹನ್ನೆರಡರ ತೋಟೆ ಹಾಕಿ ಹೊಡೆದರೆ ಕೋವಿ ಒಡೆಯುತ್ತದೆ. ಇಪ್ಪತ್ತರ ತೋಟೆಯನ್ನು ಹಳದಿ ಬಣ್ಣದಲ್ಲಿ ಮಾಡುವುದು ಇದಕ್ಕೇ. ಮನೆಯಲ್ಲಿ ಎರಡೂ ಬೋರಿನ ಕೋವಿ ಇದ್ದರೆ ತೋಟೆಗಳನ್ನು ಒಂದೇ ಚೀಲದಲ್ಲಿ, ಒಂದೇ ಜೇಬಿನಲ್ಲಿ ಇಡಬೇಡಿ.