ಮೊದಲ 350 ಎಂಜಿನ್: ಕ್ಯಾಮ್ ಆರಿಸುವ ಮುನ್ನ ಕಾರಿನ ಹಿಂಬದಿಗೆ ಹೋಗಿ

ನಿಮ್ಮ ಪ್ರಶ್ನೆಯನ್ನು ಹೀಗೆ ಅರ್ಥಮಾಡಿಕೊಂಡಿದ್ದೇನೆ. ಅಮೆರಿಕದಲ್ಲಿರುವ ನೀವು 1972ರ ಶೆವ್ರೊಲೆ ನೋವಾ ಕೊಂಡಿದ್ದೀರಿ. 350 ಘನ ಇಂಚಿನ ಎಂಜಿನ್, ಮೂರು ಗೇರಿನ ಆಟೊಮ್ಯಾಟಿಕ್. 400 ಅಶ್ವಶಕ್ತಿ ಬೇಕು. ರಿಯಾಯಿತಿಯಲ್ಲಿ ಸಿಕ್ಕಿತೆಂದು 64 ಸಿಸಿ ದಹನ ಕೋಣೆಯ ಅಲ್ಯೂಮಿನಿಯಂ ಹೆಡ್‌ಗಳು (ಸಿಲಿಂಡರುಗಳ ಮೇಲೆ ಕೂರುವ, ವಾಲ್ವ್‌ಗಳಿರುವ ಭಾಗ) ಮನೆಗೆ ಬಂದಿವೆ, ಒಂದು 750 ಸಿಎಫ್‌ಎಂ (ನಿಮಿಷಕ್ಕೆ ಅಷ್ಟು ಘನ ಅಡಿ ಗಾಳಿ ಬಿಡುವ) ಕಾರ್ಬ್ಯುರೇಟರ್ ಕೂಡ. ಈಗ ವಾಲ್ವ್‌ಗಳನ್ನು ತೆರೆಯುವ ದಂಡ, ಅಂದರೆ ಕ್ಯಾಮ್‌ಶಾಫ್ಟ್, ಯಾವುದು ತೆಗೆದುಕೊಳ್ಳಲಿ ಎಂದು ಕೇಳುತ್ತಿದ್ದೀರಿ.

ಮಿಷಿಗನ್‌ನಲ್ಲಿ ಗೆಳೆಯರ ಗ್ಯಾರೇಜುಗಳಲ್ಲಿ ಈ ಜಾತಿಯ ಎಂಜಿನ್‌ಗಳನ್ನು ಬಿಚ್ಚಿ ಕಟ್ಟುತ್ತಾ ಬಂದವನು ನಾನು. ನನ್ನ ಉತ್ತರ: ಕ್ಯಾಮ್‌ಶಾಫ್ಟ್ ಕಟ್ಟಕಡೆಗೆ. ಕ್ಯಾಟಲಾಗಿನಲ್ಲಿ ಪ್ರತಿಯೊಂದು ಭಾಗವೂ ಮದುವಣಗಿತ್ತಿಯಂತೆಯೇ ಕಾಣುತ್ತದೆ. ಅವು ಒಂದೇ ಆರ್‌ಪಿಎಂ ವ್ಯಾಪ್ತಿಯಲ್ಲಿ ಕೆಲಸ ಮಾಡುತ್ತವೆಯೇ ಎಂಬುದನ್ನು ಕ್ಯಾಟಲಾಗು ಹೇಳುವುದಿಲ್ಲ. ಆ ವ್ಯಾಪ್ತಿಯನ್ನು ನಿರ್ಧರಿಸುವುದು ಹಿಂದಿನ ಆಕ್ಸಲ್. ಆದ್ದರಿಂದ ಮೊದಲು ಕಾರಿನ ಕೆಳಗೆ ಮಲಗಿ ಆಕ್ಸಲ್‌ನ ಗೇರ್ ಅನುಪಾತ (ಚಕ್ರದ ಒಂದು ಸುತ್ತಿಗೆ ಡ್ರೈವ್‌ಶಾಫ್ಟ್ ಎಷ್ಟು ಸುತ್ತು) ಎಷ್ಟೆಂದು ಕಂಡುಕೊಳ್ಳಿ.

ಲೆಕ್ಕ ಸುಲಭ. ಗಂಟೆಗೆ ಎಷ್ಟು ಮೈಲಿ ಎಂಬುದನ್ನು ಅನುಪಾತದಿಂದ ಗುಣಿಸಿ, ಮತ್ತೆ 336ರಿಂದ ಗುಣಿಸಿ, ಟೈರಿನ ಇಂಚು ವ್ಯಾಸದಿಂದ ಭಾಗಿಸಿ. 26 ಇಂಚಿನ ಟೈರು, 3.08 ಅನುಪಾತ, 60 ಮೈಲಿ ವೇಗ ಎಂದರೆ ಎಂಜಿನ್ ಸುಮಾರು 2,400 ಆರ್‌ಪಿಎಂನಲ್ಲಿ ತಿರುಗುತ್ತಿರುತ್ತದೆ. 3.73 ಹಾಕಿದರೆ ಅದೇ ವೇಗಕ್ಕೆ 2,900. ಮೂರು ಸಾವಿರಕ್ಕೆ ಎಚ್ಚರಗೊಳ್ಳುವ ದೊಡ್ಡ ಕ್ಯಾಮ್ ಅನ್ನು 3.08 ಆಕ್ಸಲ್‌ನ ಕಾರಿಗೆ ಹಾಕಿದರೆ ಹೆದ್ದಾರಿಯುದ್ದಕ್ಕೂ ಅದು ನಿದ್ದೆಯಲ್ಲೇ ಇರುತ್ತದೆ. ಸಿಗ್ನಲ್‌ನಲ್ಲಿ ಮಾತ್ರ ಗುಡುಗುತ್ತದೆ, ಹಸಿರು ದೀಪ ಬಿದ್ದಾಗ ಪಕ್ಕದ ಮಿನಿವ್ಯಾನ್ ಮುಂದೆ ಹೋಗುತ್ತದೆ.

ಆಕ್ಸಲ್ ಮತ್ತು ಕನ್ವರ್ಟರ್ (ಎಂಜಿನ್ ಶಕ್ತಿಯನ್ನು ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ಮುಟ್ಟುವುದಿಲ್ಲ ಎಂದಾದರೆ 0.050 ಇಂಚು ಎತ್ತರದಲ್ಲಿ ಅಳೆದ ಡ್ಯುರೇಷನ್ (ಕ್ಯಾಮ್ ವಾಲ್ವ್ ತೆರೆದಿಡುವ ಅವಧಿ, ಕ್ರ್ಯಾಂಕ್ ತಿರುಗುವ ಡಿಗ್ರಿಯಲ್ಲಿ) 214ರಿಂದ 220 ಡಿಗ್ರಿಯೊಳಗೆ ಇರಲಿ. 400ರ ಆಸೆ ಬಿಡಲಾಗದಿದ್ದರೆ 3.55 ಅಥವಾ 3.73 ಗೇರು, 2,400–2,800 ಸ್ಟಾಲ್‌ನ (ಕಾರು ನಿಂತಿರುವಾಗ ಎಂಜಿನ್ ಏರಬಲ್ಲ ಆರ್‌ಪಿಎಂ) ಕನ್ವರ್ಟರ್ ಎರಡನ್ನೂ ಬಜೆಟ್ಟಿಗೆ ಸೇರಿಸಿ, ಆಮೇಲೆ 224–230ರತ್ತ ನೋಡಿ. ಜಾಹೀರಾತಿನ ಡ್ಯುರೇಷನ್ ಅಂಕಿಯನ್ನು ಹೋಲಿಕೆಗೆ ಬಳಸಬೇಡಿ. ಅದನ್ನು ಒಬ್ಬೊಬ್ಬ ತಯಾರಕ ಒಂದೊಂದು ಎತ್ತರದಿಂದ ಅಳೆಯುತ್ತಾನೆ. ಪವರ್ ಬ್ರೇಕ್ ಇದ್ದರೆ ಇನ್ನೊಂದು ಮಾತು: ದೊಡ್ಡ ಕ್ಯಾಮ್‌ನಿಂದ ಐಡಲ್‌ನಲ್ಲಿ ಬ್ರೇಕಿಗೆ ನೆರವಾಗುವ ನಿರ್ವಾತ ಕುಸಿಯುತ್ತದೆ, ಪೆಡಲ್ ಕಲ್ಲಾಗುತ್ತದೆ.

ಇನ್ನು ಬ್ಲಾಕ್, ಅಂದರೆ ಸಿಲಿಂಡರುಗಳಿರುವ ಎಂಜಿನ್‌ನ ಮುಖ್ಯ ಎರಕ. ಅದು ನಿಜಕ್ಕೂ 350 ಎಂದು ನಿಮಗೆ ಹೇಗೆ ಗೊತ್ತು? ಮಾರಿದವರು ಹೇಳಿದರು ಎಂಬುದು ಉತ್ತರವಲ್ಲ. ಐವತ್ತು ವರ್ಷ ದಾಟಿದ ಕಾರಿನಲ್ಲಿ ಎಂಜಿನ್ ಬದಲಾಗದೆ ಉಳಿದಿರುವುದೇ ಅಪರೂಪ. 1976ರಲ್ಲಿ ಬಂದ 305 ಹೊರನೋಟಕ್ಕೆ ಇದೇ ಎಂಜಿನ್. ಬೋರ್ (ಸಿಲಿಂಡರಿನ ವ್ಯಾಸ) ಮಾತ್ರ 4 ಇಂಚಿನ ಬದಲು 3.736. ಹೆಡ್‌ನಲ್ಲಿ 2.02 ಇಂಚಿನ ಇನ್‌ಟೇಕ್ ವಾಲ್ವ್ ಇದ್ದರೆ ಆ ಸಣ್ಣ ಬೋರಿನ ಅಂಚಿಗೆ ತಾಗುವ ಅಪಾಯವಿದೆ. ಎಂಜಿನ್‌ನ ಹಿಂಭಾಗದಲ್ಲಿ, ಚಾಲಕನ ಬದಿಗೆ (ಅಮೆರಿಕದ ಕಾರಿನಲ್ಲಿ ಎಡಕ್ಕೆ), ಗೇರ್‌ಬಾಕ್ಸ್ ಸೇರುವ ಅಂಚಿನ ಮೇಲೆ ವೈರ್ ಬ್ರಷ್ ಹಾಕಿ ಉಜ್ಜಿ. ಅರ್ಧ ಶತಮಾನದ ಎಣ್ಣೆ ಜಿಡ್ಡಿನ ಕೆಳಗಿಂದ ಉಬ್ಬಿದ ಅಂಕಿಗಳು ಮೂಡುತ್ತವೆ. 3970010 ಎಂದಿದ್ದರೆ ನೆಮ್ಮದಿ, ಅದು 4 ಇಂಚು ಬೋರಿನ ಅಚ್ಚು. ಎರಕದ ದಿನಾಂಕವನ್ನೂ ಹುಡುಕಿ: ಸಿ 14 2 ಎಂದರೆ ಮಾರ್ಚ್ 14, ಎರಡರಲ್ಲಿ ಮುಗಿಯುವ ವರ್ಷ. ಅಕ್ಷರ ತಿಂಗಳನ್ನು ಹೇಳುತ್ತದೆ, ವರ್ಷಕ್ಕೆ ಕೊನೆಯ ಅಂಕಿ ಮಾತ್ರ.

ವರ್ಷ ಮುಖ್ಯವಾಗುವುದು ಇದಕ್ಕೆ: 1985ರವರೆಗಿನ ಕ್ರ್ಯಾಂಕ್‌ಶಾಫ್ಟ್‌ಗೆ ಹಿಂದಿನ ಆಯಿಲ್ ಸೀಲ್ ಎರಡು ತುಂಡಿನದು, 1986ರಿಂದ ಒಂದೇ ತುಂಡಿನದು. ಎರಡಕ್ಕೂ ಫ್ಲೆಕ್ಸ್‌ಪ್ಲೇಟ್ (ಕ್ರ್ಯಾಂಕನ್ನು ಕನ್ವರ್ಟರಿಗೆ ಜೋಡಿಸುವ ತಟ್ಟೆ) ಬೋಲ್ಟುಗಳ ವೃತ್ತ ಬೇರೆ, ಸಮತೋಲನವೂ ಬೇರೆ. ಹಾಗೆಯೇ 1987ರಿಂದ ಕಾರ್ಖಾನೆಯ ಎರಕದ ಕಬ್ಬಿಣದ ಹೆಡ್‌ಗಳಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡ್‌ನ (ಮಿಶ್ರಣವನ್ನು ಸಿಲಿಂಡರುಗಳಿಗೆ ಹಂಚುವ ಭಾಗ) ನಡುವಿನ ಬೋಲ್ಟುಗಳ ಕೋನ ಬದಲಾಯಿತು. 1996ರ ವೋರ್ಟೆಕ್ ಎಂಬ ಬಗೆಯ ಹೆಡ್‌ಗಳಿಗೆ ಹನ್ನೆರಡು ಬೋಲ್ಟುಗಳ ಜಾಗದಲ್ಲಿ ಎಂಟೇ. 'ಎಲ್ಲಾ ಸ್ಮಾಲ್ ಬ್ಲಾಕ್‌ಗೂ ಹೊಂದುತ್ತದೆ' (ಶೆವ್ರೊಲೆಯ ಈ ಜಾತಿಯ ವಿ8 ಎಂಜಿನ್‌ಗಳಿಗೆ ಆ ಹೆಸರು) ಎಂಬ ಹಳೆಯ ಸಾಮಾನಿನ ಜಾಹೀರಾತನ್ನು ಅರ್ಧದಷ್ಟು ಮಾತ್ರ ನಂಬಿ.

ಈಗ ಕಂಪ್ರೆಷನ್, ಅಂದರೆ ಪಿಸ್ಟನ್ ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ ಎಂಬ ಅನುಪಾತ. ಹೊಸಬರು ಹೆಚ್ಚು ಹಣ ಕಳೆದುಕೊಳ್ಳುವುದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ಬೋರನ್ನು 0.030 ಇಂಚು ಹಿಗ್ಗಿಸಿದರೆ ನಿಮ್ಮದು 355 ಘನ ಇಂಚಿನ ಎಂಜಿನ್. ಒಂದು ಸಿಲಿಂಡರಿಗೆ ಸುಮಾರು 727 ಸಿಸಿ. ಪಿಸ್ಟನ್ ತಲೆಯ ವಾಲ್ವ್ ತಗ್ಗುಗಳಿಗೆ 5 ಸಿಸಿ, 0.041 ಇಂಚು ದಪ್ಪದ ಗ್ಯಾಸ್ಕೆಟ್‌ಗೆ ಸುಮಾರು 9 ಸಿಸಿ, ಪಿಸ್ಟನ್ ಬ್ಲಾಕ್ ಮೇಲ್ಮೈಗಿಂತ 0.025 ಇಂಚು ಕೆಳಗೆ ನಿಲ್ಲುವುದರಿಂದ 5 ಸಿಸಿ, ಹೆಡ್‌ನ 64. ಒಟ್ಟು 83. 727ಕ್ಕೆ 83 ಕೂಡಿ 83ರಿಂದ ಭಾಗಿಸಿದರೆ ಅನುಪಾತ ಸುಮಾರು 9.75. ಹಳೆಯ 76 ಸಿಸಿ ಹೆಡ್ ಆಗಿದ್ದರೆ ಇದೇ ಲೆಕ್ಕ 8.65ಕ್ಕೆ ಇಳಿಯುತ್ತಿತ್ತು, ಹಾಗಾಗಿ ನಿಮ್ಮ ಹೆಡ್ ಖರೀದಿ ಸರಿಯಾಗಿದೆ. ಆದರೆ ಅಗ್ಗದ ರಿಪೇರಿ ಸೆಟ್‌ಗಳ ಪಿಸ್ಟನ್ ಹಲವು ಬಾರಿ 0.020 ಇಂಚು ಗಿಡ್ಡವಿರುತ್ತದೆ. ಪಿನ್ನಿನ ನಡುವಿನಿಂದ ತಲೆಯವರೆಗಿನ ಎತ್ತರ 1.560 ಇಂಚು ಇದೆಯೋ 1.540 ಇದೆಯೋ ಕೇಳಿಯೇ ಕೊಳ್ಳಿ. ಗಿಡ್ಡದ್ದಾದರೆ ಅನುಪಾತ 9.3ಕ್ಕೆ ಕುಸಿಯುವುದಷ್ಟೇ ಅಲ್ಲ, ಪಿಸ್ಟನ್‌ಗೂ ಹೆಡ್‌ಗೂ ನಡುವಿನ ಅಂತರ 0.086 ಇಂಚಾಗುತ್ತದೆ. ಆ ಅಂತರ 0.040ರ ಆಸುಪಾಸಿನಲ್ಲಿದ್ದರೆ ಮಿಶ್ರಣ ಚೆನ್ನಾಗಿ ಕದಡಿ ಬೇಗ ಉರಿಯುತ್ತದೆ, ಎಂಜಿನ್ ನಾಕ್ ಆಗುವುದು (ಮಿಶ್ರಣ ತಾನಾಗಿ ಸಿಡಿಯುವುದು) ಕಡಿಮೆ. ನಾನಾದರೆ ಬ್ಲಾಕ್‌ನ ಮೇಲ್ಮೈಯನ್ನು ವರ್ಕ್‌ಶಾಪಿನಲ್ಲಿ ಹೆರೆಸಿ ಪಿಸ್ಟನ್ ಅನ್ನು ಮಟ್ಟಕ್ಕೆ ತರುತ್ತೇನೆ. ಆಗ 10.3 ಆಗುತ್ತದೆ, ಅಲ್ಯೂಮಿನಿಯಂ ಹೆಡ್, 93 ಆಕ್ಟೇನ್ ಪೆಟ್ರೋಲು, ಹೊಂದುವ ಕ್ಯಾಮ್ ಇದ್ದರೆ ಅಷ್ಟು ತಡೆಯುತ್ತದೆ. (ಭಾರತದ ಬಂಕುಗಳ 95ಕ್ಕೆ ಇದನ್ನು ಹೋಲಿಸಬೇಡಿ. ಅಲ್ಲಿನ ಅಳತೆ ಬೇರೆ. ಆ ಅಳತೆಯಲ್ಲಿ ಅಮೆರಿಕದ 93 ಎಂದರೆ ಸರಿಸುಮಾರು 98.)

ಕ್ಯಾಮ್ ಬಂದ ಮೇಲೆ ಒಂದು ಕೆಲಸವನ್ನು ಯಾರು ಬೇಡವೆಂದರೂ ಬಿಡಬೇಡಿ. ಪಿಸ್ಟನ್ ತಲೆಯ ವಾಲ್ವ್ ತಗ್ಗುಗಳಲ್ಲಿ ಮಕ್ಕಳಾಡುವ ಜೇಡಿಯನ್ನು ಒತ್ತಿ, ಮೇಲೆ ಸ್ವಲ್ಪ ಎಣ್ಣೆ ಸವರಿ, ಹೆಡ್ ಕೂರಿಸಿ, ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ. ಹೆಡ್ ತೆಗೆದರೆ ಜೇಡಿಯಲ್ಲಿ ವಾಲ್ವ್‌ನ ಅಚ್ಚು ಬಿದ್ದಿರುತ್ತದೆ. ಅದನ್ನು ಬ್ಲೇಡಿನಿಂದ ಅಡ್ಡ ಕತ್ತರಿಸಿ ಅತಿ ತೆಳುವಾದಲ್ಲಿ ಅಳೆಯಿರಿ. ಇನ್‌ಟೇಕ್‌ಗೆ 0.080 ಇಂಚು, ಎಕ್ಸಾಸ್ಟ್‌ಗೆ 0.100 ಇಂಚು ಉಳಿದಿರಲೇಬೇಕು. ವಾಲ್ವ್ ಸ್ಪ್ರಿಂಗ್ ಕ್ಯಾಮ್‌ನ ಎತ್ತುವಿಕೆಗೆ ತಕ್ಕದ್ದೇ ಎಂದೂ ನೋಡಿ. ಹೆಡ್‌ನಲ್ಲಿ ಪುಶ್‌ರಾಡ್‌ಗೆ (ಕ್ಯಾಮ್‌ನ ಚಲನೆಯನ್ನು ಮೇಲೊಯ್ಯುವ ಕಡ್ಡಿ) ದಾರಿ ತೋರುವ ಗೈಡ್‌ಪ್ಲೇಟ್ ಇದ್ದರೆ ತಾನೇ ಸಾಲು ಹಿಡಿಯುವ ಬಗೆಯ ರಾಕರ್ (ವಾಲ್ವ್ ಒತ್ತುವ ತೋಳು) ಬೇಡ. ಎರಡೂ ಸೇರಿದರೆ ಜಗಳಕ್ಕೆ ಬೀಳುತ್ತವೆ. ಗಡುಸುಗೊಳಿಸಿದ ಪುಶ್‌ರಾಡ್ ಹಾಕಿ.

ನಿಮ್ಮ ಬ್ಲಾಕ್‌ಗೆ ಫ್ಲ್ಯಾಟ್ ಟ್ಯಾಪೆಟ್ ಕ್ಯಾಮ್ ಸಹಜ. ಅದರ ಮೇಲೆ ಉಜ್ಜುತ್ತಾ ಪುಶ್‌ರಾಡ್ ಎತ್ತುವ ತುಂಡುಗಳೇ ಲಿಫ್ಟರ್‌ಗಳು. ಹೊಸ ಕ್ಯಾಮ್‌ಗೆ ಹೊಸ ಲಿಫ್ಟರ್‌ಗಳೇ ಆಗಬೇಕು. ಸತು ಮತ್ತು ರಂಜಕ ಹೆಚ್ಚಿರುವ ಬ್ರೇಕ್-ಇನ್ ಎಣ್ಣೆ ಹಾಕಿ, ಎಂಜಿನ್ ಹೊತ್ತಿಕೊಂಡ ತಕ್ಷಣ 2,000–2,500 ಆರ್‌ಪಿಎಂಗೆ ಏರಿಸಿ ಇಪ್ಪತ್ತು ನಿಮಿಷ ಹಿಡಿಯಿರಿ. ಆ ಹೊತ್ತಿನಲ್ಲಿ ಐಡಲ್‌ಗೆ ಇಳಿಸಕೂಡದು.

ಇನ್‌ಟೇಕ್ ಮ್ಯಾನಿಫೋಲ್ಡ್ ಡ್ಯುಯಲ್ ಪ್ಲೇನ್ (ಎರಡು ಅಂತಸ್ತಿನ ದಾರಿಗಳಿರುವ ಬಗೆ) ಇರಲಿ, ಅದರಲ್ಲಿ ಚರ್ಚೆಯಿಲ್ಲ. ಉಳಿದದ್ದು ನಿಮ್ಮ ಕಾರ್ಬ್ಯುರೇಟರ್. 355 ಘನ ಇಂಚನ್ನು 6,000 ಆರ್‌ಪಿಎಂನಿಂದ ಗುಣಿಸಿ 3,456ರಿಂದ ಭಾಗಿಸಿದರೆ 616 ಸಿಎಫ್‌ಎಂ ಬರುತ್ತದೆ, ಅದೂ ಸಿಲಿಂಡರುಗಳು ನೂರಕ್ಕೆ ನೂರು ತುಂಬಿದರೆ. ಬೀದಿಯ ಎಂಜಿನ್ ಅಷ್ಟು ತುಂಬುವುದಿಲ್ಲ. ಸೆಕೆಂಡರಿಗಳು (ಹೆಚ್ಚು ಗಾಳಿ ಬೇಕಾದಾಗ ತೆರೆಯುವ ಎರಡನೇ ಜೋಡಿ ಬಾಯಿಗಳು) ನಿರ್ವಾತದಿಂದ ತೆರೆಯುವ 600–650 ಸಾಕು. 750 ಹಾಕಿದರೆ ಏನೂ ಮುರಿಯುವುದಿಲ್ಲ, ಆದರೆ ಊರೊಳಗಿನ ಓಡಾಟದಲ್ಲಿ ಅದನ್ನು ಹದಕ್ಕೆ ತರಲು ತಾಳ್ಮೆ ಬೇಕು. ಪೆಟ್ಟಿಗೆ ಇನ್ನೂ ಒಡೆದಿಲ್ಲವಾದರೆ ಹಿಂದಿರುಗಿಸಿ, ಆ ಹಣವನ್ನು ಕನ್ವರ್ಟರಿಗೆ ಎತ್ತಿಡಿ.